ದೊರೆ ಸ್ಕೂಲಿನ ಕನ್ನಡ ಟೀಚರ್

ಚಿಕ್ಕಲಕ್ಷ್ಮಮ್ಮ ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯವಳು. ಕಡಲೆಕಾಯಿ ಕೀಳುವ ಕಾಲದಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿದ್ದರೆ ಇವಳೊಬ್ಬಳು ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಅಪ್ಪ ಬೈರಪ್ಪ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಅನ್ನುವವರ ಬಾಯನ್ನೂ ಮುಚ್ಚಿಸುತ್ತಿದ್ದ. ತುಮಕೂರಿನಲ್ಲಿ ಬಿ.ಎ. ಮುಗಿಸಿದಳು. ಮಧುಗಿರಿಯ ಕದಿರಯ್ಯನನ್ನು ಮದುವೆಯಾಗಿ, ಕಮಲಾಕ್ಷಿ ಹುಟ್ಟಿದ ಮೇಲೆ, ಕೂಸನ್ನು ತಾಯಿಯ ಹತ್ತಿರ ಬಿಟ್ಟು ಬಿ.ಎಡ್. ಕೂಡ ಮಾಡಿಕೊಂಡಳು.

ಎಪ್ಪತ್ನಾಲ್ಕರಲ್ಲಿ ಅವಳ ಕೈಗೆ ಎರಡು ಕೆಲಸ ಒಟ್ಟಿಗೆ ಬಂದವು. ಒಂದು ಸರ್ಕಾರದ್ದು, ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಇನ್ನೊಂದು ಕೊರಟಗೆರೆಯಿಂದ ಮಧುಗಿರಿಗೆ ಬರುವ ದಾರಿಯಲ್ಲಿ, ಬಂಡೆಗುಡ್ಡದ ತಪ್ಪಲಲ್ಲಿ ಹೊಸದಾಗಿ ಎದ್ದಿದ್ದ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ. ಹೊರದೇಶದ ಒಂದು ಟ್ರಸ್ಟು ಕಟ್ಟಿಸಿದ ಶಾಲೆ ಅದು. ಬೋರ್ಡಿನ ಮೇಲೆ ಉದ್ದದ ಇಂಗ್ಲಿಷ್ ಹೆಸರಿತ್ತು. ಸುತ್ತಲ ಹಳ್ಳಿಯವರು ಮಾತ್ರ ದೊರೆ ಸ್ಕೂಲು ಅನ್ನುತ್ತಿದ್ದರು. ಅಲ್ಲಿಗೆ ಬಂದರೆ ಕದಿರಯ್ಯನಿಗೂ ಸ್ಟೋರ್‌ಕೀಪರ್ ಕೆಲಸ, ಕಾಂಪೌಂಡಿನೊಳಗೇ ಮನೆ, ಕಮಲಾಕ್ಷಿಗೆ ಫೀಸಿಲ್ಲದ ಓದು. ಗಂಡ ಹೆಂಡತಿ ಕೂತು ಮಾತಾಡಿದರು. ಮಗಳು ದೊರೆಗಳ ಮಕ್ಕಳ ಜೊತೆ ಒಂದೇ ಬೆಂಚಿನ ಮೇಲೆ ಕೂತು ಓದುತ್ತಾಳೆ ಅನ್ನುವುದೇ ಕೊನೆಗೆ ತೂಕವಾಗಿ ಕಂಡಿತು. ಸರ್ಕಾರಿ ಆರ್ಡರನ್ನು ಬಿಟ್ಟುಕೊಟ್ಟರು.

ಶಾಲೆಯಲ್ಲಿ ಅವಳ ಹೆಸರು ಮೊದಲ ದಿನವೇ ಮೊಟಕಾಯಿತು. ಪೂರ್ತಿ ಹೆಸರು ಯಾರ ನಾಲಿಗೆಗೂ ಹತ್ತದೆ ‘ಮಿಸೆಸ್ ಲಕ್ಷ್ಮಿ’ ಆದಳು. ಇಂಗ್ಲೆಂಡು, ಜರ್ಮನಿಗಳಿಂದ ಬಂದ ಮೇಷ್ಟ್ರುಗಳಿಗೆ ಗುಡ್ಡದ ಮೇಲ್ಭಾಗದಲ್ಲಿ ಬಂಗಲೆಗಳಿದ್ದವು; ಅವರು ಬರುವಾಗಲೇ ಇಷ್ಟು ವರ್ಷ ಅಂತ ಮಾತಾಗಿರುತ್ತಿತ್ತು. ಇಲ್ಲಿಯವರು ‘ಲೋಕಲ್ ಸ್ಟಾಫ್’. ಅವರ ಕೆಲಸ ಪ್ರತಿ ಏಪ್ರಿಲ್‌ನಲ್ಲಿ ಮುಗಿದು, ಶಾಲೆಗೆ ಬೇಕೆನಿಸಿದರೆ ಜೂನ್‌ನಲ್ಲಿ ಮತ್ತೆ ಶುರುವಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೂ ಇಲ್ಲಿಯವರು ಕಿಟಕಿಯ ಪಕ್ಕದ ಒಂದೇ ಮೇಜಿಗೆ ಒತ್ತಿಕೊಂಡು ಕೂತು ಬುತ್ತಿ ಬಿಚ್ಚುತ್ತಿದ್ದರು.

ಕನ್ನಡಕ್ಕೆ ಕೊಟ್ಟದ್ದು ಊಟವಾದ ಮೇಲಿನ ಪೀರಿಯಡ್ಡು, ಮಕ್ಕಳಿಗೆ ಕಣ್ಣು ಎಳೆಯುವ ಹೊತ್ತು. ಆಟದ ಪ್ರಾಕ್ಟೀಸಿದ್ದರೆ ಅದೂ ಹೋಗುತ್ತಿತ್ತು. ಚಿಕ್ಕಲಕ್ಷ್ಮಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಬೊಂಬಾಯಿಯ, ನೈರೋಬಿಯ, ಜರ್ಮನ್ ಇಂಜಿನಿಯರುಗಳ ಮಕ್ಕಳನ್ನು ಬೇಲಿಯ ಹತ್ತಿರ ಕರೆದೊಯ್ದು, ಹುಣಸೆಮರ, ಓತಿಕ್ಯಾತ, ಕುರಿಮಂದೆ, ಕಂಬಳಿ ಎಲ್ಲದರ ಹೆಸರನ್ನೂ ಹೇಳಿಸುತ್ತಿದ್ದಳು. ಆಚೆ ಕುರಿ ಕಾಯುವ ಕಾಟಪ್ಪ ಎಂಬ ಮುದುಕ ಒಮ್ಮೊಮ್ಮೆ ನಿಂತು, ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಆ ವರ್ಷಗಳು ಚೆನ್ನಾಗಿದ್ದವು. ಮುಂದೆ ಬಹಳ ಕಾಲದ ಮೇಲೂ ಅವಳು ಅವನ್ನು ಚೆನ್ನಾಗಿರಲಿಲ್ಲ ಎಂದು ಹೇಳಲಿಲ್ಲ.

ಎಂಬತ್ತರ ಜೂನ್‌ನಲ್ಲಿ ಇನಾಯತ್ ಎಂಬ ಒಂಬತ್ತು ವರ್ಷದ ಹುಡುಗ ಬಂದು ಸೇರಿದ. ಶಿರಾದವನು. ಅಪ್ಪ ಕುವೈತಿನಲ್ಲಿ ಒಂದು ಕಂಪನಿಯ ಫೋರ್‌ಮನ್. ಸ್ಟಾಫಿನ ಮಕ್ಕಳನ್ನು ಬಿಟ್ಟರೆ ಈ ಸೀಮೆಯವನು ಅವನೊಬ್ಬನೇ; ಹಾಸ್ಟೆಲಿನಲ್ಲಿ ಉಳಿದ. ಅವನ ಇಂಗ್ಲಿಷನ್ನು ಕೇಳಿ ಉಳಿದ ಹುಡುಗರು ನಗುತ್ತಿದ್ದರು. ಕನ್ನಡದ ಪೀರಿಯಡ್ಡಿನಲ್ಲಿ ಮಾತ್ರ ಅವನು ನೆಟ್ಟಗೆ ಕೂತು, ಉರ್ದು ಬೆರೆಸಿದ ಶಿರಾದ ಕನ್ನಡದಲ್ಲಿ ಬಾಯಿತುಂಬ ಮಾತಾಡುತ್ತಿದ್ದ. ಮಿಕ್ಕವರಿಗೆ ಅವನೇ ಮೇಷ್ಟ್ರಾಗುತ್ತಿದ್ದ.

ಚಿಕ್ಕ ಹುಡುಗರ ಹಾಸ್ಟೆಲಿಗೆ ವಿಕರಿ ಎಂಬ ಇಂಗ್ಲೆಂಡಿನವನು ಹೌಸ್ ಮಾಸ್ಟರ್. ಮೂವತ್ತರ ಆಸುಪಾಸಿನ ಎತ್ತರದ ಆಳು, ನಗುಮುಖದವನು. ತೋಟದ ಆಳುಗಳನ್ನು ಕಂಡರೆ ‘ಚೆನ್ನಾಗಿದೀರಾ’ ಎಂದು ಕೇಳುವಷ್ಟು ಕನ್ನಡ ಕಲಿತಿದ್ದ. ಹಾಸ್ಟೆಲಿನ ಆಯಾ ಮುನಿಯಮ್ಮನ ಮಗನಿಗೆ ಹಾವು ಕಚ್ಚಿದಾಗ, ಅವನನ್ನು ತನ್ನ ಜೀಪಿನಲ್ಲಿ ಹಾಕಿಕೊಂಡು ಮಧುಗಿರಿಯ ಆಸ್ಪತ್ರೆಗೆ ಓಡಿದವನು ಇದೇ ವಿಕರಿ. ಹುಡುಗ ಉಳಿದ. ಆಮೇಲೆ ಅವನಿಗೆ ಶಾಲೆಯ ತೋಟದಲ್ಲೇ ಕೆಲಸವನ್ನೂ ಕೊಡಿಸಿದ. ಮುನಿಯಮ್ಮ ವಿಕರಿಯ ಹೆಸರೆತ್ತಿದರೆ ಕೈ ಮುಗಿಯುತ್ತಿದ್ದಳು.

ಎಂಬತ್ತೊಂದರ ಜನವರಿ ಕಳೆಯುವ ಹೊತ್ತಿಗೆ ಇನಾಯತ್ ಮಾತು ಕಡಿಮೆ ಮಾಡಿದ. ಉಕ್ತಲೇಖನ ಕೊಟ್ಟರೆ ಅರ್ಧರ್ಧ ಬರೆಯುತ್ತಿದ್ದ. ಚಿಕ್ಕಲಕ್ಷ್ಮಮ್ಮ ಮಾತಾಡುವಾಗ ಅವನು ಮುಖವನ್ನು ಒಂದೇ ಪಕ್ಕಕ್ಕೆ ತಿರುಗಿಸುವುದು ಅವಳ ಕಣ್ಣಿಗೆ ಬಿತ್ತು. ಹುಡುಗಾಟಿಕೆ ಎಂದುಕೊಂಡು ಒಂದು ದಿನ ಗದರಿದಳು. ಅವನು ಎದ್ದು ನಿಂತು, ಮೇಡಂ, ಈ ಕಡೆ ಬಂದು ಹೇಳಿ ಅಂದ.

ಅದೇ ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮುನಿಯಮ್ಮನನ್ನು ಕೇಳಿದಳು. ಮುನಿಯಮ್ಮ ಬಹಳ ಹೊತ್ತು ಬಟ್ಟೆ ಕುಸುಬುತ್ತಲೇ ಇದ್ದಳು. ಆಮೇಲೆ, ಅವನ ದಿಂಬಿನ ಮೇಲೆ ಕೀವಿನ ಕಲೆ ಇರುತ್ತೆ ಅಂದಳು. ಬಿಟ್ಟು ಬಿಟ್ಟು ಉಳಿದದ್ದನ್ನೂ ಹೇಳಿದಳು. ಹುಡುಗ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಹಾಗೆ ಮಾಡಿದವರು ಒದ್ದೆ ದುಪ್ಪಟಿಯನ್ನು ತಲೆಯ ಮೇಲೆ ಹೊದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ ಹಜಾರದಲ್ಲಿ ನಿಲ್ಲಬೇಕು, ಅದು ವಿಕರಿಯ ಕಟ್ಟಳೆ. ಎಲ್ಲರೂ ನಗುತ್ತ ಹೋಗುತ್ತಿದ್ದರು. ಒಂದು ದಿನ ಇನಾಯತ್ ದುಪ್ಪಟಿಯನ್ನು ಕಿತ್ತು ನೆಲಕ್ಕೆ ಎಸೆದ. ವಿಕರಿ ಬಂದು ಕಿವಿಗೆ ಸೇರಿಸಿ ಹೊಡೆದ. ಹುಡುಗ ಗೋಡೆಗೆ ಹೋಗಿ ಬಿದ್ದ. ಮತ್ತೆ ಎಬ್ಬಿಸಿ ಹೊಡೆದ.

“ನಾನು ಅಲ್ಲೇ ಪೊರಕೆ ಹಿಡ್ಕಂಡು ನಿಂತಿದ್ದೆ ಟೀಚರಮ್ಮ,” ಅಂದಳು ಮುನಿಯಮ್ಮ. “ಆ ಸದ್ದು ಇನ್ನೂ ಹೋಗಿಲ್ಲ.”

ಚಿಕ್ಕಲಕ್ಷ್ಮಮ್ಮ ಶನಿವಾರ ಹುಡುಗನನ್ನು ಬಸ್ಸಿನಲ್ಲಿ ಮಧುಗಿರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದಳು. ಕಿವಿಯ ತಮಟೆ ಹರಿದಿದೆ, ಒಳಗೆ ಕೀವಾಗಿದೆ, ತಡವಾಗಿದೆ, ಬೆಂಗಳೂರಿಗೆ ಹೋಗುವುದು ಒಳ್ಳೆಯದು ಎಂದು ಅವರು ಹೇಳಿದರು. ಯಾರು ಹೊಡೆದದ್ದು ಎಂದು ಹುಡುಗನನ್ನೇ ಕೇಳಿದರು. ಮೆಟ್ಟಿಲ ಮೇಲಿಂದ ಬಿದ್ದೆ ಎಂದು ಅವನು ತಡವರಿಸದೆ ಹೇಳಿದ. ಬಸ್ ಸ್ಟ್ಯಾಂಡಿನಲ್ಲಿ ಅವಳು ಬಾಳೆಹಣ್ಣು ಕೊಡಿಸಿದಳು. ಅವನು ಹಣ್ಣನ್ನು ಸುಲಿಯದೆ ಶಾಲೆಯ ಗೇಟಿನವರೆಗೂ ಕೈಯಲ್ಲಿ ಹಿಡಿದುಕೊಂಡೇ ಬಂದ.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಕದಿರಯ್ಯ ಕೆಟ್ಟವನಲ್ಲ. ಕೇಳುತ್ತ ಕೇಳುತ್ತ ಅವನಿಗೂ ಕಣ್ಣು ತುಂಬಿತು. ಎದ್ದು ಹೊರಗೆ ಹೋಗಿ ಬಂದ.

“ನಾಳಿದ್ದು ಹೋಗಿ ಪ್ರಿನ್ಸಿಪಾಲಮ್ಮಂಗೆ ಹೇಳ್ತೀಯಾ?” ಎಂದ.

“ಹೇಳ್ದೆ ಹೆಂಗಿರೋದು?”

“ಸುಮ್ನಿದ್ದುಬುಡು ಅಂತ ನಾನು ಹೇಳಲ್ಲ. ಹೋಗೋಕೆ ಮುಂಚೆ ನಮ್ಮ ಕಮಲಾಕ್ಷಿನ ಒಂದ್ಸಲ ನೋಡ್ಕಂಡು ಹೋಗು.”

ಕಮಲಾಕ್ಷಿ ಆಗ ಹದಿನೈದರ ಹುಡುಗಿ. ಗೆಳತಿಯರು ಅವಳನ್ನು ‘ಕ್ಯಾಮಿ’ ಅನ್ನುತ್ತಿದ್ದರು. ಮಾರನೆಯ ವರ್ಷ ವಿಲಾಯತಿಯ ಬೋರ್ಡಿನ ಪರೀಕ್ಷೆಗೆ ಕೂರಬೇಕಾಗಿತ್ತು. ಬೇರೆ ಯಾವ ಶಾಲೆಗೆ ಹಾಕಿದರೂ ಅವಳು ಓದಿದ್ದು ಅಲ್ಲಿಗೆ ಹೊಂದುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ತಾಯಿ ಮಗಳ ಜಡೆ ಹೆಣೆದು ಕಳಿಸಿ, ಆಮೇಲೆ ಪ್ರಿನ್ಸಿಪಾಲರ ಕೋಣೆಗೆ ಹೋದಳು.

ಪ್ರಿನ್ಸಿಪಾಲ್ ಮಿಸ್ ಆಶ್ಬಿ ನರೆತ ಕೂದಲಿನ, ಮೆಲುದನಿಯ ಹೆಂಗಸು. ಕೂರಿಸಿ, ಟೀ ತರಿಸಿ, ಪೂರ್ತಿ ಕೇಳಿದಳು. ಇದನ್ನು ಹೇಳಲು ಬಹಳ ಧೈರ್ಯ ಬೇಕು ಎಂದು ಹೊಗಳಿದಳು. ಮಗುವಿನ ಹಿತಕ್ಕಾಗಿ ಇದು ಈ ಕೋಣೆಯ ಹೊರಗೆ ಹೋಗದಿರಲಿ, ತಾನೇ ವಿಚಾರಣೆ ಮಾಡಿಸುತ್ತೇನೆ ಎಂದಳು. ಚಿಕ್ಕಲಕ್ಷ್ಮಮ್ಮ ಹಗುರಾಗಿ ಹೊರಗೆ ಬಂದಳು. ಆ ದಿನ ಅವಳಿಗೆ ಆ ಶಾಲೆಯ ಮೇಲಿದ್ದಷ್ಟು ಗೌರವ ಮೊದಲೆಂದೂ ಇರಲಿಲ್ಲ.

ವಿಚಾರಣೆ ಲೈಬ್ರರಿಯಲ್ಲಿ ನಡೆಯಿತು. ಮಿಸ್ ಆಶ್ಬಿ, ಬೊಂಬಾಯಿಯಿಂದ ಬಂದ ಒಬ್ಬ ಟ್ರಸ್ಟಿ, ಇನ್ನೊಬ್ಬ ಹಿರಿಯ ಮೇಷ್ಟ್ರು, ಮೂವರೂ ಕನ್ನಡ ಬಾರದವರು. ಇನಾಯತ್‌ನನ್ನು ಮೊದಲೇ ಕರೆದು ಕೇಳಿಯಾಗಿತ್ತು. ಬಿದ್ದೆ ಎಂದೇ ಹೇಳಿದ್ದ. ಉಳಿದದ್ದು ಮುನಿಯಮ್ಮನ ಮಾತು. ಅವಳಿಗೆ ಕನ್ನಡ ಬಿಟ್ಟು ಬೇರೆ ಬಾರದು. ಇಂಗ್ಲಿಷಿಗೆ ತಿರುಗಿಸಿ ಹೇಳುವ ಕೆಲಸ, ದೂರು ಕೊಟ್ಟ ಚಿಕ್ಕಲಕ್ಷ್ಮಮ್ಮನಿಗೇ ಬಂತು. ಅದು ಸರಿಯಲ್ಲವೆಂದು ಆ ಕೋಣೆಯಲ್ಲಿ ಯಾರಿಗೂ ತೋಚಲಿಲ್ಲ.

ಮುನಿಯಮ್ಮ ಒಗೆದ ಸೀರೆ ಉಟ್ಟು ಬಂದಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಟ್ರಸ್ಟಿ ಕೇಳಿದ್ದನ್ನು ಚಿಕ್ಕಲಕ್ಷ್ಮಮ್ಮ ಕನ್ನಡದಲ್ಲಿ ಕೇಳಿದಳು: ವಿಕರಿ ಸಾಹೇಬರು ಈ ಹುಡುಗನಿಗೆ ಹೊಡೆದದ್ದನ್ನು ನೀನು ಕಣ್ಣಾರೆ ಕಂಡೆಯಾ?

ಮುನಿಯಮ್ಮ ನೆಲ ನೋಡಿದಳು.

“ನಾನೇನೂ ಕಂಡಿಲ್ಲ ಅಂತ ಹೇಳಿಬುಡಿ ಟೀಚರಮ್ಮ. ನನ್ನ ಮಗ ಇವತ್ತು ಉಸಿರಾಡ್ತಾ ಇರೋದು ಆ ಪುಣ್ಯಾತ್ಮನಿಂದ. ಕಂಡಿದ್ದು ನಿಜ ಕಣಮ್ಮ, ಆದ್ರೆ ಕಂಡಿಲ್ಲ ಅಂತ ಹೇಳಿ.”

ಮೂವರೂ ಚಿಕ್ಕಲಕ್ಷ್ಮಮ್ಮನ ಮುಖ ನೋಡುತ್ತ ಕಾದರು. ಕಂಡಿದ್ದು ನಿಜ ಎಂಬ ಮಾತು ಆ ಕೋಣೆಯಲ್ಲಿ ಆಗತಾನೇ ಬಾಯಿ ಬಿಟ್ಟು ಆಡಿದ ಮಾತು. ಅದಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರೆ ಅದು ಸುಳ್ಳೇನೂ ಆಗುತ್ತಿರಲಿಲ್ಲ. ಮುನಿಯಮ್ಮನಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಆ ಹೆಂಗಸು ಇವಳನ್ನು ನಂಬಿ ಎದುರಿಗೆ ನಿಂತಿದ್ದಳು. ಚಿಕ್ಕಲಕ್ಷ್ಮಮ್ಮ ಇಂಗ್ಲಿಷಿನಲ್ಲಿ, ಈಕೆ ಏನೂ ಕಂಡಿಲ್ಲವಂತೆ ಅಂದಳು. ಟ್ರಸ್ಟಿ ಕನ್ನಡಕ ತೆಗೆದು ಒರೆಸಿಕೊಂಡ. ಮಿಸ್ ಆಶ್ಬಿ ಎಲ್ಲರಿಗೂ ವಂದನೆ ಹೇಳಿದಳು.

ಇನ್ನುಳಿದ ದಾರಿ ಹುಡುಗನ ಮನೆಯವರು ಎಂದುಕೊಂಡು ಭಾನುವಾರ ಶಿರಾಕ್ಕೆ ಹೋದಳು. ಕೋಟೆಯ ಹತ್ತಿರದ ಬೀದಿಯಲ್ಲಿ ಮನೆ. ಇನಾಯತ್‌ನ ತಾಯಿ ಖೈರುನ್ನೀಸಾ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಮೂರು ದಿನದ ಹಿಂದೆ ಮಿಸ್ ಆಶ್ಬಿ ತಾನೇ ಕಾರಿನಲ್ಲಿ ಬಂದು ಹೋಗಿದ್ದಳು. ಹುಡುಗ ಬಿದ್ದು ಕಿವಿಗೆ ಪೆಟ್ಟಾಗಿದೆ, ಬೆಂಗಳೂರಿನಲ್ಲಿ ಶಾಲೆಯೇ ತೋರಿಸುತ್ತದೆ ಎಂದು ಡ್ರೈವರನ ಬಾಯಲ್ಲಿ ಭರವಸೆ ಹೇಳಿಸಿದ್ದಳು. ಬಿದ್ದದ್ದಲ್ಲ ಎಂದು ಚಿಕ್ಕಲಕ್ಷ್ಮಮ್ಮ ಹೇಳಿದಾಗ ಆ ತಾಯಿಗೆ ಆಶ್ಚರ್ಯವೇನೂ ಆಗಲಿಲ್ಲ.

“ನಂಗೆ ಗೊತ್ತಿಲ್ವಾ ಮೇಡಂ, ಹೆತ್ತವಳು ನಾನು,” ಅಂದಳು. “ತಕರಾರು ಮಾಡಿದ್ರೆ ಹುಡುಗ ಹಾಸಿಗೆ ಒದ್ದೆ ಮಾಡ್ತಾನೆ ಅಂತ ಊರಿಗೆಲ್ಲ ಗೊತ್ತಾಗ್ತದೆ. ಅವರ ಅಬ್ಬಾ ಅಲ್ಲಿ ದೋಸ್ತರಿಗೆಲ್ಲ ನನ್ನ ಮಗ ಇಂಗ್ಲಿಷರ ಸ್ಕೂಲಲ್ಲಿದಾನೆ ಅಂತ ಹೇಳ್ಕೊಂಡಿದಾರೆ. ನಾನೇನು ಅಂತ ತಿಳಿಸಲಿ ಅವರಿಗೆ?”

ಚಹಾ ಕೊಟ್ಟು, ತಲೆಗೆ ಹೂ ಮುಡಿಸಿ ಕಳಿಸಿದಳು. ಮಾರ್ಚ್ ಮುಗಿಯುವ ಹೊತ್ತಿಗೆ ಇನಾಯತ್‌ನನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ಬೆಂಗಳೂರಿನಲ್ಲಿ ಕೀವು ನಿಂತಿತಂತೆ, ಕೇಳುವುದು ಮಾತ್ರ ಮರಳಿ ಬರಲಿಲ್ಲ.

ಏಪ್ರಿಲ್‌ನಲ್ಲಿ ಮಿಸ್ ಆಶ್ಬಿ ಚಿಕ್ಕಲಕ್ಷ್ಮಮ್ಮನನ್ನು ಮತ್ತೆ ಕರೆಸಿದಳು. ಮತ್ತೆ ಟೀ ಬಂತು. ಕನ್ನಡವನ್ನು ಇನ್ನು ಮೇಲೆ ಇಷ್ಟವಿದ್ದವರು ಮಾತ್ರ ಕಲಿಯಲಿ ಎಂದು ಟ್ರಸ್ಟು ತೀರ್ಮಾನಿಸಿದೆ, ಹಾಗಾಗಿ ಜೂನ್‌ನಿಂದ ಅವಳಿಗೆ ಕೊಡಲು ಪಾಠವಿಲ್ಲ. ಕದಿರಯ್ಯನ ಕೆಲಸಕ್ಕೆ ತೊಂದರೆಯಿಲ್ಲ, ಮನೆಯಲ್ಲಿ ಇರಬಹುದು, ಮಗಳ ಓದು ಹಾಗೇ ನಡೆಯಲಿ. ಇಷ್ಟು ಹೇಳಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

ಅದೇ ತಿಂಗಳು ವಿಕರಿಯೂ ಹೊರಟ. ನೀಲಗಿರಿಯ ಕಡೆ ಇನ್ನೂ ದೊಡ್ಡ ಶಾಲೆಯೊಂದರಲ್ಲಿ ಪೂರ್ತಿ ಹಾಸ್ಟೆಲಿನ ಜವಾಬ್ದಾರಿ ಸಿಕ್ಕಿತ್ತು. ಹುಲ್ಲುಹಾಸಿನ ಮೇಲೆ ಬೀಳ್ಕೊಡುಗೆ ಮಾಡಿದರು. ಮಕ್ಕಳನ್ನು ಅರಿತ ಇಂಥ ಮೇಷ್ಟ್ರು ಅಪರೂಪ, ಆ ಶಾಲೆಗೂ ಹಾಗೆಂದೇ ಬರೆದಿದ್ದೇನೆ ಎಂದು ಮಿಸ್ ಆಶ್ಬಿ ಭಾಷಣದಲ್ಲಿ ಹೇಳಿದಳು. ಮುನಿಯಮ್ಮನ ಮಗ ಕನಕಾಂಬರದ ಹಾರ ಹಾಕಿದ. ಲೋಕಲ್ ಸ್ಟಾಫ್ ಸಾಲಾಗಿ ನಿಂತಿದ್ದರು. ಹೋಗದಿದ್ದರೆ ಗಂಡನಿಗೆ ಕಷ್ಟವಾದೀತೆಂದು ಚಿಕ್ಕಲಕ್ಷ್ಮಮ್ಮನೂ ನಿಂತಿದ್ದಳು. ವಿಕರಿ ಒಬ್ಬೊಬ್ಬರ ಕೈ ಕುಲುಕುತ್ತ ಬಂದು ಅವಳ ಕೈಯನ್ನೂ ಕುಲುಕಿದ. ತನ್ನ ಮನಸ್ಸಿನಲ್ಲಿ ಏನೂ ಇಲ್ಲ, ಅವಳನ್ನು ಕ್ಷಮಿಸಿದ್ದೇನೆ ಎಂದ.

ಆಮೇಲಿನ ಮೂರು ವರ್ಷ ಅವಳು ಅದೇ ಕಾಂಪೌಂಡಿನಲ್ಲಿ ಸ್ಟೋರ್‌ಕೀಪರನ ಹೆಂಡತಿಯಾಗಿ ಇದ್ದಳು. ಬೆಳಿಗ್ಗೆ ಗಂಟೆ ಹೊಡೆದಾಗ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು. ಊಟದ ನಂತರದ ಪೀರಿಯಡ್ಡಿಗೆ ಮಕ್ಕಳನ್ನು ಆಟಕ್ಕೆ ಬಿಡುತ್ತಿದ್ದರು, ಆ ಗದ್ದಲ ಅಡುಗೆಮನೆಗೆ ಕೇಳುತ್ತಿತ್ತು. ಕಿಟಕಿಯ ಪಕ್ಕದ ಮೇಜಿನ ಗೆಳತಿಯರು ದಾರಿಯಲ್ಲಿ ಸಿಕ್ಕರೆ ನಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಅವರಿಗೆ ಇವಳ ಮೇಲೆ ಸಿಟ್ಟೇನೂ ಇರಲಿಲ್ಲ. ಅವರವರ ಮಕ್ಕಳೂ ಫೀಸಿಲ್ಲದೆ ಅಲ್ಲೇ ಓದುತ್ತಿದ್ದರು. ಕಮಲಾಕ್ಷಿ ಗೆಳತಿಯರ ಜೊತೆಗಿದ್ದಾಗ ತಾಯಿ ಎದುರಾದರೆ ತಲೆ ಬಗ್ಗಿಸುತ್ತಿದ್ದಳು.

ಕೆಲಸ ಹುಡುಕದೆ ಇರಲಿಲ್ಲ. ಆ ವರ್ಷಗಳಲ್ಲಿ ಊರೂರಿಗೂ ಇಂಗ್ಲಿಷ್ ಮೀಡಿಯಂ ಶಾಲೆಗಳು ಏಳುತ್ತಿದ್ದವು. ಕೊರಟಗೆರೆಯಲ್ಲಿ ಒಂದು ಶಾಲೆಯವರು ಸಂತೋಷದಿಂದ ಮಾತಾಡಿ, ಹಿಂದಿನ ಕಡೆ ವಿಚಾರಿಸಿ ತಿಳಿಸುತ್ತೇವೆ ಎಂದವರು ಆಮೇಲೆ ತಿಳಿಸಲೇ ಇಲ್ಲ. ಮಧುಗಿರಿಯಲ್ಲಿ ಒಬ್ಬ ಹೆಡ್‌ಮಾಸ್ಟರು ಎದುರಿಗೇ ಹೇಳಿದ: ನಿಮ್ಮ ಪಾಠದ ಬಗ್ಗೆ ಯಾರೂ ಕೆಟ್ಟದಾಗಿ ಹೇಳಲಿಲ್ಲ ತಾಯಿ, ತಕರಾರಿನ ಹೆಂಗಸು ಅಂದರು. ಸರ್ಕಾರದ ಕೆಲಸಕ್ಕೆ ವಯಸ್ಸು ಮೀರಿತ್ತು. ಮನೆಯಲ್ಲಿ ಕದಿರಯ್ಯ ಜಗಳವಾಡಿದವನಲ್ಲ. ಒಮ್ಮೆ ಮಾತ್ರ, ಊಟದ ನಡುವೆ, ನಿನ್ನಿಂದ ಆ ಹುಡುಗನ ಕಿವಿಯೇನು ಬಂತಾ ಎಂದು ಕೇಳಿದ. ಕೇಳಿ, ತಾನೇ ತಟ್ಟೆ ಬಿಟ್ಟು ಎದ್ದ.

ಎಂಬತ್ನಾಲ್ಕರಲ್ಲಿ ಪಾವಗಡದಲ್ಲಿ ಕೆಲಸ ಸಿಕ್ಕಿತು. ದೊರೆ ಸ್ಕೂಲಿನ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಮುಚ್ಚಿದ ಕಡಲೆಕಾಯಿ ಮಿಲ್ಲಿನ ಗೋಡೌನಿಗೆ ತಡಿಕೆ ಕಟ್ಟಿ ಕ್ಲಾಸುಗಳನ್ನು ಮಾಡಿದ್ದರು. ಅದರ ಬೋರ್ಡಿನ ಮೇಲೂ ಇಂಟರ್‌ನ್ಯಾಷನಲ್ ಎಂದು ಬರೆಸಿದ್ದರು. ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಅರೆಬರೆ ಇಂಗ್ಲಿಷ್ ಆಡುತ್ತಿದ್ದರು. ಅವಳು ಅಲ್ಲೇ ಒಂದು ಕೋಣೆ ಹಿಡಿದಳು. ಗಂಡ, ಮಗಳು ಕಾಂಪೌಂಡಿನಲ್ಲೇ ಉಳಿದರು. ಮೊದಮೊದಲು ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದಳು. ಬರಬರುತ್ತ ಹಬ್ಬಕ್ಕೆ ಮಾತ್ರ.

ಅಲ್ಲಿ ಪಕ್ಕದ ತಡಿಕೆಯ ಆಚೆ ಶಂಕರಲಿಂಗಪ್ಪ ಎಂಬವನು ಲೆಕ್ಕ ಹೇಳುತ್ತಿದ್ದ. ಶಾಲೆ ನಡೆಸುವವರ ಅಳಿಯ. ಒಂದು ಮಧ್ಯಾಹ್ನ ಆ ಕಡೆಯಿಂದ ಏಟಿನ ಸದ್ದು ಬಂತು, ಹಿಂದೆಯೇ ಒಂದು ಹುಡುಗಿ ಚೀರಿದ್ದು ಕೇಳಿತು. ಮತ್ತೆ ಏಟು. ಚಿಕ್ಕಲಕ್ಷ್ಮಮ್ಮನ ಕ್ಲಾಸಿನ ಮಕ್ಕಳು ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಅವಳು ಬೋರ್ಡಿನ ಕಡೆ ತಿರುಗಿ ಮುಂದಿನ ಸಾಲು ಬರೆದಳು. ಇನ್ನೂ ಒಂದು ಸಾಲು ಬರೆದಳು. ಸದ್ದು ನಿಂತ ಮೇಲೆ ಮಕ್ಕಳಿಂದ ಗಟ್ಟಿಯಾಗಿ ಓದಿಸಿದಳು.

ಎಂಬತ್ತೇಳರ ಮೇ ತಿಂಗಳಲ್ಲಿ ಕಮಲಾಕ್ಷಿ ಪಾವಗಡಕ್ಕೆ ಬಂದಳು. ಬಿ.ಎ. ಮುಗಿದಿತ್ತು. ವಿಲಾಯತಿಯ ಪರೀಕ್ಷೆ ಪಾಸು ಮಾಡಿದವಳನ್ನು ಮುಂದೆ ಯಾವ ಕಾಲೇಜು ಸೇರಿಸಿಕೊಳ್ಳಬೇಕೆಂಬುದಕ್ಕೇ ಬಹಳ ಅಲೆದಾಟವಾಗಿತ್ತು. ಕನ್ನಡ ಓದಲು ತಡವರಿಸುತ್ತಿದ್ದಳು, ಆದ್ದರಿಂದ ಇಲ್ಲಿನ ಕೆಲಸಗಳಿಗೆ ಆಗಲಿಲ್ಲ. ಇಂಗ್ಲಿಷ್ ಬಲ್ಲವರು ಬೇಕು ಎನ್ನುವ ದೊಡ್ಡ ಊರಿನ ಕೆಲಸಗಳಿಗೆ ಯಾರ ಪರಿಚಯವೂ ಇರಲಿಲ್ಲ. ಈಗ ದೊರೆ ಸ್ಕೂಲಿನಲ್ಲೇ ಚಿಕ್ಕ ಮಕ್ಕಳ ಹಾಸ್ಟೆಲಿಗೆ ಟೀಚರ್ ಬೇಕಾಗಿದ್ದಾರೆ. ಮಿಸ್ ಆಶ್ಬಿ ಊರಿಗೆ ಹೊರಟುಹೋಗಿದ್ದಳು. ಹೊಸ ಪ್ರಿನ್ಸಿಪಾಲರು ಜೂನ್‌ನಲ್ಲಿ ಬಾ ಎಂದಿದ್ದಾರೆ. ಇಲ್ಲಿಯವರಿಗೆ ಕೊಡುವ ಹಾಗೆಯೇ, ವರ್ಷ ವರ್ಷದ ಮಾತು.

ಆ ಸಂಜೆ ಕೋಣೆಯ ಮುಂದಿನ ಕಲ್ಲಿನ ಮೇಲೆ ಕೂತು ತಾಯಿ ಮಗಳಿಗೆ ಎಲ್ಲವನ್ನೂ ಹೇಳಿದಳು. ಆರು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಹೇಳಿರಲಿಲ್ಲ. ದುಪ್ಪಟಿಯ ವಿಷಯ, ಕಿವಿ, ಲೈಬ್ರರಿಯಲ್ಲಿ ಮುನಿಯಮ್ಮ ಹೇಳಿದ್ದು, ಶಿರಾದ ಮನೆ. ಹೇಳುವಾಗ ಮಗಳು ನಡುವೆ ಏನೂ ಕೇಳಲಿಲ್ಲ.

“ಇದೆಲ್ಲ ನಮಗೆ ಗೊತ್ತಿತ್ತು ಅಮ್ಮ,” ಎಂದಳು ಕೊನೆಗೆ. “ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನೊಬ್ಬನಿಗೇ ಅಲ್ಲ ಹೊಡೆದಿದ್ದು. ನಾವು ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ಆ ಹುಡುಗರು ದುಪ್ಪಟಿ ಹೊದ್ದು ಹಜಾರದಲ್ಲೇ ನಿಂತಿರುತ್ತಿದ್ದರು.”

“ಮತ್ತೆ ಯಾಕವ್ವ ಹೇಳಲಿಲ್ಲ?”

“ಯಾರಿಗೆ ಹೇಳೋದು?” ಕಮಲಾಕ್ಷಿ ದನಿ ಏರಿಸದೆ ಕೇಳಿದಳು. “ನೀನು ಹೇಳಿದೆಯಲ್ಲ.”

ಹೋಗಬೇಡ ಅನ್ನೋಣವೆಂದರೆ, ತೋರಿಸಲು ತಾಯಿಯ ಹತ್ತಿರ ಬೇರೆ ಯಾವ ದಾರಿಯೂ ಇರಲಿಲ್ಲ. ಅಲ್ಲಿ ಇಂಥದ್ದನ್ನು ಕಂಡರೆ ಏನು ಮಾಡಬೇಕೆಂದು ಹೇಳಿಕೊಡೋಣವೆಂದರೆ, ತಡಿಕೆಯ ಈಚೆ ತಾನು ಬರೆದ ಸಾಲುಗಳು ನೆನಪಾದವು. ಕತ್ತಲಾಗುವ ಮುಂಚೆ ಇಬ್ಬರೂ ಒಳಗೆ ಹೋಗಿ ಅಡುಗೆಗೆ ಇಟ್ಟರು. ಬೆಳಿಗ್ಗೆ ಮಧುಗಿರಿ ಬಸ್ಸಿಗೆ ಮಗಳನ್ನು ಹತ್ತಿಸಿ, ಸೀಟು ಸಿಕ್ಕಿತೇ ಎಂದು ಕಿಟಕಿಯಲ್ಲಿ ಕೇಳಿ, ಚಿಕ್ಕಲಕ್ಷ್ಮಮ್ಮ ಕೋಣೆಗೆ ಮರಳಿದಳು. ರಜೆ ಇನ್ನೂ ಬಹಳ ಉಳಿದಿತ್ತು. ಮಾಡಲು ಕೆಲಸವಿಲ್ಲದೆ ಬಾಗಿಲು ಹಾಕಿಕೊಂಡು ಮಲಗಿದಳು.